ವಾಸಪ್ಪ ಹೀಟರ್ ಸರಿ ಮಾಡಿಸಿದ್ದು

ಕೊಪ್ಪದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕಾರಿನ ಹೀಟರ್ ಕೆಟ್ಟಿದೆಯೆಂದು ತಲೆ ಕೆಡಿಸಿಕೊಂಡವರು ವಾಸಪ್ಪನಿಗಿಂತ ಮೊದಲು ಯಾರೂ ಇರಲಿಲ್ಲ. ಹಾರನ್ ಕೆಟ್ಟರೆ ಜನ ಇದ್ದಬದ್ದ ಕೆಲಸ ಬಿಟ್ಟು ಗ್ಯಾರೇಜಿಗೆ ಓಡುತ್ತಾರೆ. ಹಾಡು ಹಾಕುವ ಪೆಟ್ಟಿಗೆ ಕೆಟ್ಟರಂತೂ ಊಟವೇ ಸೇರುವುದಿಲ್ಲ. ಆದರೆ ಹೀಟರ್ ಎಂಬುದೊಂದು ಕಾರಿನೊಳಗಿದೆ ಎನ್ನುವುದೇ ಅರ್ಧ ಜನಕ್ಕೆ ನೆನಪಿಲ್ಲ. ಮಳೆಗಾಲದಲ್ಲಿ ಗಾಜಿಗೆ ಮಬ್ಬು ಹಿಡಿದರೆ ಹಳೇ ಬನಿಯನ್ನಿನಲ್ಲಿ ಒರೆಸಿಕೊಂಡು ಮುಂದೆ ಹೋಗುತ್ತಾರೆ, ಅಷ್ಟೇ. ಅಂಥದ್ದರಲ್ಲಿ ಡಿಸೆಂಬರಿನ ಒಂದು ಗುರುವಾರ ಬೆಳಿಗ್ಗೆ, ಹೊರನಾಡಿಗೆ ಬಂದ ಬಾಡಿಗೆಯನ್ನೂ ಬೇರೆಯವರಿಗೆ ದಾಟಿಸಿ, ವಾಸಪ್ಪ ಬಾನೆಟ್ ಎತ್ತಿ ಕತ್ತು ಒಳಗೆ ಹಾಕಿ ನಿಂತಿದ್ದ.

“ಎಂತ ಮಾರಾಯ, ಕಾಶ್ಮೀರಕ್ಕೆ ಬಾಡಿಗೆ ಸಿಕ್ತಾ?” ಎಂದ ಬೈರಪ್ಪ. ಸ್ಟ್ಯಾಂಡಿನಲ್ಲಿ ಅವನ ಗಾಡಿ ಯಾವಾಗಲೂ ವಾಸಪ್ಪನ ಗಾಡಿಯ ಪಕ್ಕಕ್ಕೇ ನಿಲ್ಲುವುದು. ಬಾಯಿ ಮಾತ್ರ ಎಲ್ಲೂ ನಿಲ್ಲುವುದಿಲ್ಲ.

“ಹೀಟರ್ ಹಾಕಿದ್ರೆ ತಣ್ಣಗೆ ಗಾಳಿ ಬರ್ತದೆ.”

“ಬರ್ಲಿ ಬಿಡು. ಪುಕ್ಕಟೆ ಏಸಿ.”

ವಾಸಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಬಿಸಾಡಿದ. ಅವನು ಹಾಗೆಲ್ಲ ಮಾಡುವವನಲ್ಲ. “ಅವಳಿಗೆ ಆಗಲ್ಲ ಬೈರ. ತಣ್ಣಗಿನ ಗಾಳಿ ಅವಳಿಗೆ ಆಗಲ್ಲ” ಎಂದ.

ಬೈರಪ್ಪ ಬಗ್ಗಿ ಸ್ಪ್ಯಾನರ್ ಎತ್ತಿಕೊಟ್ಟ. ವಾಸಪ್ಪನ ಹೆಂಡತಿ ಯಮುನಳಿಗೆ ಕರುಳಿನ ಕ್ಯಾನ್ಸರ್ ಎಂದು ಸ್ಟ್ಯಾಂಡಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ತಮಾಷೆ ಮಾಡುತ್ತಿದ್ದರು. ಮತ್ತೇನು ಮಾಡಬೇಕು ಹೇಳಿ, ದಿನಾ ಎದುರಾಗುವ ಮನುಷ್ಯನ ಹತ್ತಿರ ದಿನಾ ಅಳುಮುಖ ಇಟ್ಟುಕೊಂಡು ಮಾತಾಡಲಿಕ್ಕಾಗುತ್ತದೆಯೇ?

ಆಪರೇಷನ್ ಆಗಿತ್ತು. ಅದಾದ ಮೇಲೆ ಮೂರು ವಾರಕ್ಕೊಮ್ಮೆ, ಒಟ್ಟು ಎಂಟು ಸಲ, ಘಟ್ಟ ಇಳಿದು ದೊಡ್ಡಾಸ್ಪತ್ರೆಗೆ ಹೋಗಿ, ಡ್ರಿಪ್ಪಿನಲ್ಲಿ ಮದ್ದು ಏರಿಸಿಕೊಂಡು, ಸಂಜೆ ಘಟ್ಟ ಹತ್ತಿ ಬರಬೇಕು. ಆ ಮದ್ದಿನದೊಂದು ದರಿದ್ರ ಗುಣ ನೋಡಿ, ಮೈಗೆ ಸೇರಿದ್ದೇ ತಣ್ಣಗಿನದ್ದು ಯಾವುದನ್ನೂ ಸೇರಿಸುವುದಿಲ್ಲ. ಸ್ಟೀಲ್ ಲೋಟ ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ತಣ್ಣೀರು ಒಂದು ಗುಟುಕು ಹೋದರೆ ಗಂಟಲು ಹಿಡಿದುಕೊಳ್ಳುತ್ತದೆ. ತಂಪು ಗಾಳಿ ಎಳೆದುಕೊಂಡರೂ ಅಷ್ಟೇ, ಉಸಿರೇ ನಿಂತಿತೇನೋ ಎಂದು ಜೀವ ಬಾಯಿಗೆ ಬರುತ್ತದೆ. ಹೆದರಬೇಡಿ, ಚಳಿ ತಾಗದ ಹಾಗೆ ನೋಡಿಕೊಳ್ಳಿ ಎಂದಿದ್ದರು ನರ್ಸಮ್ಮ. ಹೇಳುವುದು ಸುಲಭ. ಘಟ್ಟದ ದಾರಿಯ ಕೆರೆಕಟ್ಟೆಯ ಕಾಡಿನಲ್ಲಿ ಸಂಜೆ ಮಂಜು ಇಳಿಯುವಾಗ ಚಳಿಗೆ ತಾಗಬೇಡ ಎಂದರೆ ಕೇಳುತ್ತದೆಯೇ?

ಮೂರನೇ ಸಲ ಬರುವಾಗಂತೂ ನೋಡಬಾರದಿತ್ತು. ಯಮುನ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಇನ್ನೊಂದು ಶಾಲು, ತಲೆಗೆ ಗಂಡನ ಮಂಕಿ ಕ್ಯಾಪು, ಕೈಗೆ ಮಗಳು ತಂದುಕೊಟ್ಟ ಉಣ್ಣೆಯ ಗವಸು, ಎಲ್ಲ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಮುದುರಿದ್ದಳು. ಘಟ್ಟ ಹತ್ತಿ ಮೇಲೆ ಬಂದ ಮೇಲೆ ವಾಸಪ್ಪ, ಇರಲಿ ಎಂದು, ಅದುವರೆಗೆ ಮುಟ್ಟದೇ ಇದ್ದ ಹೀಟರಿನ ಗುಂಡಿ ತಿರುಗಿಸಿದ. ತಣ್ಣನೆ ಗಾಳಿ ರಪ್ಪೆಂದು ಅವಳ ಮುಖಕ್ಕೇ ಹೊಡೆಯಿತು. ಅವಳು ಗಂಟಲು ಹಿಡಿದುಕೊಂಡು ಡ್ಯಾಶ್‌ಬೋರ್ಡಿಗೆ ಬಗ್ಗಿದಳು. ವಾಸಪ್ಪ ಹೀಟರ್ ಆರಿಸಿದ. ಗಾಡಿ ಪಕ್ಕಕ್ಕೆ ಹಾಕಿ, ಓಡಿ, ಒಂದು ಚಾದಂಗಡಿಯಿಂದ ಬಿಸಿನೀರು ತಂದರೆ ಸ್ಟೀಲ್ ಲೋಟ ಹಿಡಿಯಲಿಕ್ಕೂ ಹೆದರಿದಳು. ಅವನೇ ಕುಡಿಸಿದ. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಚಳಿಗೆ ಎಂದುಕೊಂಡ. ಮನೆ ಮುಟ್ಟುವವರೆಗೂ ಅವಳು ಒಂದು ಮಾತೂ ಆಡಲಿಲ್ಲ.

ಈಗ ಸೋಮವಾರ ನಾಲ್ಕನೇ ಸಲಕ್ಕೆ ಹೋಗಬೇಕು. ಬುಧವಾರ ಸಂಜೆ ಅವನು ಆ ಮಾತು ತೆಗೆದಾಗ ಯಮುನ, “ನಾನಿನ್ನು ಬರಲ್ಲ” ಎಂದುಬಿಟ್ಟಳು.

“ಬರಲ್ಲ ಅಂದ್ರೆ? ಎಂತಕ್ಕೆ?”

ಅವಳು ಬಾಗಿಲ ಹೊರಗೆ ನಿಂತಿದ್ದ ಕಾರನ್ನು ನೋಡಿದಳು. “ಆ ಗಾಡಿಯ ಚಳಿ ನಂಗೆ ತಡ್ಕೊಳಕ್ಕಾಗಲ್ಲ” ಎಂದಳು.

ಇಷ್ಟೇನಾ! ವಾಸಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮದ್ದು ಬೇಡ ಎಂದಿದ್ದರೆ, ಸಾಕಾಯಿತು ಎಂದಿದ್ದರೆ ಅವನು ಎಲ್ಲಿಗೆ ಹೋಗಬೇಕಿತ್ತು? ಗಾಡಿಯ ಚಳಿ ಎಂದಳಲ್ಲ. ಗಾಡಿ ಅವನದು. ಗಾಡಿಯಲ್ಲಿ ಕೆಟ್ಟದ್ದನ್ನು ಸರಿ ಮಾಡಿಸುವುದು ಅವನಿಗೆ ಗೊತ್ತು. “ಸೋಮವಾರದೊಳಗೆ ಹೀಟರ್ ಸರಿ ಮಾಡಿಸ್ತೀನಿ. ಆಮೇಲೆ ಬರ್ತೀಯ ತಾನೆ?” ಎಂದು ಕೇಳಿದ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವನು ಅದನ್ನು ಹೂಂ ಎಂದೇ ತೆಗೆದುಕೊಂಡ.

ಹಾಗಾಗಿ ಈ ಗುರುವಾರದ ಬಾನೆಟ್ಟು.

ಬೈರಪ್ಪ ಬಾಯಿ ಹರುಕನಾದರೂ ಕರುಳಿರುವ ಮನುಷ್ಯ. “ಅದಕ್ಯಾಕೆ ಅಷ್ಟು ಪೇಚಾಡ್ತೀಯ? ಸೋಮವಾರ ನನ್ನ ಗಾಡಿ ತಗೊಂಡು ಹೋಗು” ಎಂದು ಕೀಲಿ ಕೊಟ್ಟ. ಅವನ ಗಾಡಿ ಸ್ಟಾರ್ಟ್ ಮಾಡಿ, ಊರೊಳಗೆ ಒಂದು ಸುತ್ತು ಹೊಡೆದು ಹೀಟರ್ ಹಾಕಿ ನೋಡಿದರೆ ಅದರಲ್ಲೂ ತಣ್ಣನೆ ಗಾಳಿ. ಆಚೆ ಬದಿ ನಿಂತ ಗಾಡಿ ನೋಡಿದರು. ಅದೂ ಅಷ್ಟೇ. ಇಡೀ ಸ್ಟ್ಯಾಂಡಿಗೆ ಒಂದೇ ರೋಗ ಬಡಿದಂತಿತ್ತು. ಹಾಗಿದ್ದೂ ಅಲ್ಲಿದ್ದ ಒಬ್ಬನಿಗಾದರೂ ಕಾರಣ ಹೊಳೆಯಿತೇ? ಇಲ್ಲ. “ಎಲ್ಲ ಹಳೇ ಗಾಡಿ, ಅದಕ್ಕೇ” ಎಂದು ತಮ್ಮತಮ್ಮಲ್ಲೇ ತೀರ್ಮಾನ ಮಾಡಿಕೊಂಡರು.

ಕೊಪ್ಪದ ಗ್ಯಾರೇಜಿನ ಶಾಂತವೀರಪ್ಪ, “ಪೈಪಲ್ಲಿ ಗಾಳಿ ಸಿಕ್ಕಿಕೊಂಡಿದೆ ಮಾರಾಯ್ರೆ, ನೀರು ಹೀಟರಿಗೆ ಹೋಗ್ತಿಲ್ಲ” ಎಂದ. ರೇಡಿಯೇಟರ್ ಮುಚ್ಚಳ ತೆಗೆದು, ಎಂಜಿನ್ ಚಾಲೂ ಇಟ್ಟು, ರಬ್ಬರ್ ಪೈಪುಗಳನ್ನು ಹಸುವಿನ ಕೆಚ್ಚಲು ಹಿಂಡುವಂತೆ ಹಿಂಡಿದ. ಗುಳುಗುಳು ಗುಳ್ಳೆ ಬಂತು. ಕೂಲಂಟ್ ತುಂಬಿಸಿದ. ವಾಸಪ್ಪ ಹರಿಹರಪುರದವರೆಗೆ ಓಡಿಸಿ ಹೀಟರಿನ ಬಾಯಿಗೆ ಕೈಯೊಡ್ಡಿದ. ತಣ್ಣಗೆ. ಹಾಗೇ ಶೃಂಗೇರಿಗೆ ಹೋದ. ಅಲ್ಲಿ ಪರಿಚಯದ ಮೆಕ್ಯಾನಿಕ್ಕು, ಒಳಗೆ ಕೆಸರು ಕಟ್ಟಿದೆ ಎಂದು ಪೈಪು ಬಿಚ್ಚಿ ನೀರು ಹಾಯಿಸಿದ. ಕಷಾಯದಂಥ ನೀರು ಹೊರಗೆ ಬಂದಾಗ ವಾಸಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, “ಬಂತು ನೋಡಿ, ಬಂತು!” ಎಂದು ಕೂಗಿದ. ಮಠಕ್ಕೆ ಹೊರಟಿದ್ದ ಯಾತ್ರಿಕರು ತಿರುಗಿ ನೋಡಿದರು. ನೀರು ತಿಳಿಯಾಗುವವರೆಗೆ ಹಾಯಿಸಿದರು. ಗಾಳಿ ಮಾತ್ರ ತಣ್ಣಗೇ ಬಂತು.

ಅಷ್ಟರಲ್ಲಿ ಮಗಳು ದಿವ್ಯ ಫೋನ್ ಮಾಡಿದಳು. ಅವಳನ್ನು ಸೀತೂರಿಗೆ ಕೊಟ್ಟಿತ್ತು. “ಅಪ್ಪ, ಎನ್.ಆರ್. ಪುರದಲ್ಲಿ ಸೋಮನಾಥ್ ಅಂತ ಇದ್ದಾರೆ. ನಮ್ಮ ಮನೆಯವರು ಗಾಡಿ ಅಲ್ಲೇ ಬಿಡೋದು. ಮನುಷ್ಯ ಸ್ವಲ್ಪ ಮುಂಗೋಪಿ, ನೀವು ತಿರುಗಿ ಮಾತಾಡ್ಬೇಡಿ” ಎಂದಳು. ಆಮೇಲೆ ಸ್ವರ ತಗ್ಗಿಸಿ, “ಅಮ್ಮ ಸೋಮವಾರ ಹೋಗ್ತಾರೆ ತಾನೆ?” ಎಂದು ಕೇಳಿದಳು.

“ಹೋಗದೇ ಎಂತ? ಹೀಟರ್ ಒಂದು ಸರಿಯಾಗ್ಲಿ” ಎಂದ ವಾಸಪ್ಪ.

ಶುಕ್ರವಾರ ಸೋಮನಾಥನ ಗ್ಯಾರೇಜು ಹೊಕ್ಕ. ದಿವ್ಯ ಹೇಳಿದ್ದು ಸುಳ್ಳಲ್ಲ, ಆಸಾಮಿ ಊಟ ಮುಗಿಸಿ, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಳ್ಳುವವರೆಗೆ ಇವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಆಮೇಲೆ ಬಂದು ಎಂಜಿನ್ ಸ್ಟಾರ್ಟ್ ಮಾಡಿಸಿ, ರೇಡಿಯೇಟರಿನ ಮೇಲಿನ ಪೈಪಿನ ಮೇಲೆ ಕೈಯಿಟ್ಟು ನಿಂತ.

“ವಾಲ್ವ್ ಎಲ್ಲಿ?” ಎಂದ.

“ಯಾವ ವಾಲ್ವ್?”

“ಯಾವ ವಾಲ್ವ್ ಅಂತ ನನ್ನ ಕೇಳ್ತೀರಲ್ಲ! ಥರ್ಮೋಸ್ಟಾಟ್. ಎಂಜಿನ್ ಕಾಯೋವರೆಗೂ ನೀರನ್ನ ರೇಡಿಯೇಟರಿಗೆ ಬಿಡದೇ ತಡೆಯೋ ವಾಲ್ವ್. ಇದರಲ್ಲಿ ಇಲ್ಲ.”

“ಅದು... ತೆಗೆಸಿದ್ದೆ.”

ತೆಗೆಸಿದ್ದೇನು, ಊರಿಗೆಲ್ಲ ತೆಗೆಸಿದವನೇ ಅವನು. ಹಿಂದೊಮ್ಮೆ ಬೈರಪ್ಪನ ಗಾಡಿ ಯಾತ್ರಿಕರನ್ನು ತುಂಬಿಕೊಂಡು ಹೊರನಾಡಿನ ಏರು ಹತ್ತುವಾಗ ನೀರು ಕುದಿದು ಎಂಜಿನ್ನಿನ ಹೆಡ್ಡೇ ಹೋಗಿತ್ತು. ವಾಲ್ವ್ ಅಂಟಿಕೊಂಡು ನೀರು ಓಡಾಡಿರಲಿಲ್ಲ. ಅವತ್ತಿನಿಂದ ವಾಸಪ್ಪ ಹಠ ಹಿಡಿದ. ಘಟ್ಟದ ಗಾಡಿಗೆ ಆ ವಾಲ್ವ್ ಇರಲೇಬಾರದು, ಎಂಜಿನ್ ತಣ್ಣಗಿದ್ದಷ್ಟೂ ಆಯುಸ್ಸು ಹೆಚ್ಚು ಎಂದು ಒಬ್ಬೊಬ್ಬರ ತಲೆಗೂ ತುಂಬಿ, ಎಲ್ಲರ ಗಾಡಿಯಿಂದಲೂ ಅದನ್ನು ಕೀಳಿಸಿದ. ಟೆಂಪರೇಚರಿನ ಮುಳ್ಳು ಮೇಲೇಳದ್ದನ್ನು ಬಾಡಿಗೆಯವರಿಗೆ ತೋರಿಸಿ, “ನಮ್ಮ ಗಾಡಿ ನೋಡಿ, ಎಷ್ಟು ಏರು ಹತ್ತಿದ್ರೂ ಬೆವರಲ್ಲ” ಎಂದು ಬೀಗುವುದು ಬೇರೆ.

“ನಿಮ್ಮ ಕಡೆಯವರದ್ದೆಲ್ಲ ಇದೇ ಕಥೆ” ಎಂದು ಸೋಮನಾಥ್ ಗೊಣಗಿದ. “ಎಂಜಿನ್ ಕಾದ್ರೆ ತಾನೆ ಹೀಟರಿಗೆ ಬಿಸಿ ಬರೋದು? ಅದಕ್ಕೆ ಬೇರೆ ಒಲೆ ಇಟ್ಟಿದಾರ? ಎಂಜಿನ್ನಿನ ಬಿಸಿನೀರೇ ಹೀಟರಿಗೂ ಹೋಗೋದು. ನೀವು ಅದನ್ನ ಕಾಯಕ್ಕೇ ಬಿಟ್ಟಿಲ್ಲ. ಚಳಿಗಾಲದಲ್ಲಿ ಘಟ್ಟದಲ್ಲಿ ಹೋದ್ರೆ ತಣ್ಣಗೆ ಬರದೇ ಮತ್ತೆಂತ ಬರ್ತದೆ?”

ವಾಸಪ್ಪ ಗ್ಯಾರೇಜಿನ ಬೆಂಚಿನ ಮೇಲೆ ಕೂತುಬಿಟ್ಟ. ಡ್ಯಾಶ್‌ಬೋರ್ಡಿಗೆ ಬಗ್ಗಿ ಗಂಟಲು ಹಿಡಿದುಕೊಂಡ ಹೆಂಡತಿ ಕಣ್ಣೆದುರು ಬಂದಳು. ಆ ಗಾಳಿ ಎಲ್ಲಿಂದಲೋ ಬಂದದ್ದಲ್ಲ, ತಾನೇ ಮಾಡಿಟ್ಟದ್ದು. ಗಾಡಿ ಚೆನ್ನಾಗಿರಲಿ ಎಂದು ಮಾಡಿದ ಕೆಲಸ ಅವಳನ್ನು ಹೀಗೆ ಹಿಂಡಿತಲ್ಲ.

“ವಾಲ್ವ್ ಸಿಗ್ತದಾ? ಸೋಮವಾರ ಆಸ್ಪತ್ರೆಗೆ ಹೋಗೋದಿದೆ” ಎಂದ. ಸೋಮನಾಥ್ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದ. “ಯಾರಿಗೆ ಹುಷಾರಿಲ್ಲ?” ಎಂದ. ವಾಸಪ್ಪ ಹೇಳಿದ. ಸೋಮನಾಥ್ ಬೇರೇನೂ ಕೇಳದೆ ಶಿವಮೊಗ್ಗದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಹಚ್ಚಿ, ಬಸ್ಸಿನಲ್ಲಿ ಕಳಿಸಿ, ನಾಳೆ ಬೆಳಿಗ್ಗೆಯೇ ಬೇಕು ಎಂದು ಗದರಿಸಿದ.

ಶನಿವಾರ ವಾಸಪ್ಪ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎನ್.ಆರ್. ಪುರದ ಬಸ್ ಸ್ಟ್ಯಾಂಡಿನಲ್ಲಿ ಕಾದ. ಕಂಡಕ್ಟರ್ ತನ್ನ ಸೀಟಿನ ಅಡಿಯಿಂದ ಪುಟ್ಟ ರಟ್ಟಿನ ಡಬ್ಬಿ ತೆಗೆದುಕೊಟ್ಟ. ಒಳಗಿದ್ದ ವಾಲ್ವ್ ಅಂಗೈಯಲ್ಲಿ ಮುಚ್ಚಿ ಹೋಗುವಷ್ಟಿತ್ತು. ಇಷ್ಟು ಸಣ್ಣದು! ಸೋಮನಾಥ್ ಅದನ್ನು ಕೂರಿಸಿ, ಕೂಲಂಟ್ ತುಂಬಿ, ಎಂಜಿನ್ ಹಾಕಿದ. ಮುಳ್ಳು ಮೆಲ್ಲಗೆ ಮೇಲೆದ್ದು ಅರ್ಧದಲ್ಲಿ ನಿಂತಿತು. ಇಷ್ಟು ವರ್ಷ ಆ ಮುಳ್ಳು ಎದ್ದರೆ ಎದೆ ಹೊಡೆದುಕೊಳ್ಳುತ್ತಿದ್ದ ಮನುಷ್ಯ ಈಗ ಅದಕ್ಕೆ ಕೈ ಮುಗಿಯುವುದೊಂದು ಬಾಕಿ. ಹೀಟರ್ ತಿರುಗಿಸಿದ. ಬಿಸಿ, ಒಳ್ಳೇ ಹದವಾದ ಬಿಸಿಗಾಳಿ ಅವನ ಕೈಗೆ, ಮುಖಕ್ಕೆ ಬಂತು.

ಕೊಪ್ಪದವರೆಗೂ ಅವನು ಹೀಟರ್ ಆರಿಸಲಿಲ್ಲ. ಹೊರಗೆ ರಣಬಿಸಿಲು. ಗಾಜು ಏರಿಸಿಕೊಂಡು, ಅಂಗಿ ಒದ್ದೆಯಾಗುವಷ್ಟು ಬೆವರುತ್ತ, ಕಡಹಿನಬೈಲಿನ ಗದ್ದೆಬಯಲು ದಾಟುವಾಗ ಒಬ್ಬನೇ ನಗುತ್ತಿದ್ದ. ಆರಿಸಿದರೆ ಮತ್ತೆ ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಬೇರೆ. ಇನ್ನು ಯಮುನ ಬರುತ್ತಾಳೆ, ನಾಲ್ಕನೆಯದು ಆಗುತ್ತದೆ, ಐದು, ಆರು, ಎಂಟೂ ಮುಗಿಯುತ್ತದೆ ಎಂದು ಬಾಯಿಬಿಟ್ಟೇ ಹೇಳಿಕೊಂಡ. ಪಾಪ, ಆ ಒಂದು ಗಂಟೆ ಅವನಷ್ಟು ಸುಖಿ ಈ ಮೂರು ತಾಲೂಕಿನಲ್ಲಿ ಯಾರೂ ಇರಲಿಲ್ಲ.

ಯಮುನ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬೆರಳಿಗೆ ಇನ್ನೂ ಸರಿಯಾಗಿ ಸ್ಪರ್ಶ ಬಂದಿರಲಿಲ್ಲ, ಒಂದೊಂದು ಕಾಯಿಗೂ ಹೊತ್ತು ಹಿಡಿಯುತ್ತಿತ್ತು.

“ಏಳು ಮಾರಾಯ್ತಿ, ಅದೆಲ್ಲ ಆಮೇಲೆ. ಬಾ, ಕೂತ್ಕೊ ಬಾ” ಎಂದು ರಟ್ಟೆ ಹಿಡಿದು ಎಬ್ಬಿಸಿ, ಅಂಗಳದಲ್ಲಿ ನಿಂತ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ತಾನು ಸ್ಟೇರಿಂಗಿನ ಮುಂದೆ ಕೂತ. “ಕೈಯಿಡು.”

ಅವಳು ಎರಡೂ ಕೈ ಒಡ್ಡಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಳು.

“ಬೆಚ್ಚಗಿದೆ” ಎಂದಳು.

“ಹೆಂಗೆ! ಸೋಮವಾರ ನಿಂಗೆ ಸ್ವೆಟರೂ ಬೇಡ. ಬೆಳಿಗ್ಗೆ ನಾಲ್ಕಕ್ಕೇ ಹೊರಟುಬಿಡೋದು.”

ಯಮುನ ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟಳು. “ಇಷ್ಟು ಬೇಗ ಸರಿ ಮಾಡಿಸ್ತೀರಿ ಅಂತ ನಾ ಎಣಿಸಿರಲಿಲ್ಲ” ಎಂದಳು.

ವಾಸಪ್ಪ ಅವಳ ಕಡೆ ತಿರುಗಿದ.

“ನಾನು ಚಳಿ ಅಂದಿದ್ದು ನೆಪಕ್ಕೆ. ಚಳಿ ಹೌದು, ತುಂಬಾ ಕಷ್ಟ ಆಯ್ತು. ಆದ್ರೆ ಅದಕ್ಕಲ್ಲ ಬರಲ್ಲ ಅಂದಿದ್ದು. ಹೋದ ಸಲ ಬೆಳಿಗ್ಗೆ ಸ್ಕ್ಯಾನ್ ಮಾಡಿದ್ರಲ್ಲ, ಸಂಜೆ ನೀವು ಗಾಡಿ ತರಕ್ಕೆ ಹೋದಾಗ ಡಾಕ್ಟರಮ್ಮ ಬಂದು ಕೂತ್ಕೊಂಡ್ರು. ಲಿವರಿಗೆಲ್ಲ ಹರಡಿದೆಯಂತೆ. ಈ ಮದ್ದು ಹಿಡೀತಿಲ್ಲ ಅಂದ್ರು. ಬೇರೆ ಮದ್ದು ಕೊಡಬಹುದು, ಅದರಿಂದ ಸಿಗೋದು ಸ್ವಲ್ಪ ದಿನ, ಆ ದಿನಾನೂ ಹಿಂಗೇ ಇರ್ತದೆ ಅಂದ್ರು. ನಿಮ್ಮನ್ನ ಕರೀತೀನಿ ಅಂದ್ರು. ನಾನೇ ಹೇಳ್ತೀನಿ, ಬೇಡ ಅಂದೆ.”

ವಾಸಪ್ಪ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಡ್ರೈವರುಗಳ ಮನೆಯಲ್ಲಿ ಹೆಂಗಸರು ಪಾಲಿಸುವ ಒಂದು ಕಟ್ಟಳೆಯಿದೆ. ಗಾಡಿ ಘಟ್ಟದಲ್ಲಿರುವಾಗ ಗಂಡನಿಗೆ ಕೆಟ್ಟ ಸುದ್ದಿ ಹೇಳುವುದಿಲ್ಲ. ವಾಸಪ್ಪನ ತಾಯಿ ತೀರಿಕೊಂಡಾಗ ಅವನು ಕಳಸದ ಕಡೆ ಬಾಡಿಗೆಯಲ್ಲಿದ್ದ. ಯಮುನ ಫೋನಿನಲ್ಲಿ ಊಟ ಆಯ್ತಾ ಎಂದಷ್ಟೇ ಕೇಳಿದ್ದಳು. ಅವನು ಅಂಗಳಕ್ಕೆ ಬಂದು ಹ್ಯಾಂಡ್‌ಬ್ರೇಕ್ ಎಳೆದ ಮೇಲೆಯೇ ಅತ್ತೆ ಹೋದರು ಎಂದು ಬಾಯಿಬಿಟ್ಟದ್ದು.

“ದಾರಿಯಲ್ಲಿ ಹೇಳಕ್ಕಾಗಲಿಲ್ಲ, ನೀವು ಗಾಡಿ ಓಡಿಸ್ತಿದ್ರಿ” ಎಂದಳು ಅವಳು. “ಮನೆಗೆ ಬಂದ ಮೇಲೆ ಹೇಳೋಣ ಅಂದ್ಕೊಂಡೆ. ನೀವು ಬಂದವ್ರೇ ನಂಗೆ ಬಿಸಿನೀರು ಕಾಯ್ಸಕ್ಕೆ ಹೋದ್ರಿ. ಬೆಳಿಗ್ಗೆ ಹೇಳೋಣ ಅಂದ್ಕೊಂಡೆ. ಆಮೇಲೆ ದಿನಾ ಹಂಗೇ ಆಯ್ತು. ದಿವ್ಯಂಗೂ ಹೇಳಿಲ್ಲ.”

“ಅವರು ಹೇಳಿದ್ರೆ ಆಗಿಹೋಯ್ತಾ? ಬೇರೆ ಆಸ್ಪತ್ರೆ ಇಲ್ವಾ?” ವಾಸಪ್ಪ ಕಿರುಚಿದ. “ಮೂರು ದಿನ ಹುಚ್ಚನ ಹಂಗೆ ತಿರುಗಿದೀನಿ ನಾನು! ಈಗ ನೆಪ ಅಂತೀಯಲ್ಲೆ! ಸೋಮವಾರ ನೀನು ಬರ್ತೀಯ. ಎತ್ತಿ ಕೂರಿಸ್ಕೊಂಡು ಹೋಗ್ತೀನಿ.”

“ಎತ್ತಿ ಕೂರಿಸಿದ್ರೆ ಬರ್ತೀನಿ. ನಿಮ್ಮ ಮಾತು ನಾ ಯಾವತ್ತು ಮೀರಿದೀನಿ?” ಎಂದಳು ಯಮುನ. “ಆದ್ರೆ ಬೇಡ ಅಂತ ನೀವೇ ಹೇಳಿದ್ರೆ ನಂಗೆ ಸಮಾಧಾನ. ಮದ್ದು ಬಿಟ್ರೆ ಈ ಬೆರಳಿನ ಜೋಮು ಇಳೀತದಂತೆ. ಗಂಟಲು ಹಿಡಿಯಲ್ಲಂತೆ. ನಂಗೆ ಬಾವಿಯಿಂದ ಸೇದಿದ ನೀರು ತಲೆ ಎತ್ತಿ ಗಟಗಟ ಕುಡೀಬೇಕು ರೀ. ಎಷ್ಟು ಆಸೆ ಆಗಿದೆ ಗೊತ್ತಾ ನಂಗೆ, ಒಂದು ಚೊಂಬು ತಣ್ಣೀರು.”

ಹೀಟರ್ ಬುಸ್ಸೆಂದು ಬಿಸಿ ಉಗುಳುತ್ತಲೇ ಇತ್ತು. ವಾಸಪ್ಪ ಬಾಗಿಲು ತೆಗೆದು ಇಳಿದ. ಎಲ್ಲಿಗೆ ಹೋಗಬೇಕು ತಿಳಿಯಲಿಲ್ಲ. ಅಕ್ಕಪಕ್ಕದ ಮನೆಯವರು ಕಾಣುವಂಥ ಅಂಗಳ. ಮುಂದೆ ಬಂದು ಬಾನೆಟ್ ಎತ್ತಿದ. ಎಂಜಿನ್ನಿನ ಮೇಲೆ ಬಗ್ಗಿ, ಆ ಸದ್ದಿನೊಳಗೆ ಮುಖ ಇಟ್ಟು, ಬಾಯಿಗೆ ಟವೆಲು ತುರುಕಿಕೊಂಡು ಅತ್ತ.

ಗಾಡಿ ಸರಿಯಾಯಿತಂತೆ ಎಂದು ನೋಡಿಹೋಗಲು ಬಂದ ಬೈರಪ್ಪ ಗೇಟಿನಲ್ಲೇ ನಿಂತ. “ಮತ್ತೆ ಎಂತಾಯ್ತು ಮಾರಾಯ? ಸರಿಯಾಯ್ತು ಅಂದಿದ್ಯಲ್ಲ?”

ವಾಸಪ್ಪ ತಲೆಯೆತ್ತಿದ. ಏನೂ ಇಲ್ಲ ಎನ್ನಬಹುದಿತ್ತು. ಹೊಗೆ ಕಣ್ಣಿಗೆ ಹೋಯಿತು ಎನ್ನಬಹುದಿತ್ತು. ಎದುರಿಗೆ ಎತ್ತಿ ನಿಲ್ಲಿಸಿದ ಬಾನೆಟ್ ಇತ್ತು, ಅದರಾಚೆ ಕೂತವಳ ಮುಖ ಕಾಣುತ್ತಿರಲಿಲ್ಲ. ಕಾಣದೇ ಇದ್ದುದರಿಂದಲೇ ಏನೋ ಅವನಿಗೆ ಮಾತು ಬಂತು.

“ಹೀಟರ್ ಸರಿಯಾಗಿದೆ ಬೈರ. ಯಮುನ ಉಳಿಯಲ್ಲಂತೆ. ಸೋಮವಾರ ನಾವು ಆಸ್ಪತ್ರೆಗೆ ಹೋಗಲ್ಲ. ಅವಳಿಗೆ ಸಾಕಾಗಿದೆ. ಸಾಕು, ಬೇಡ.”

ಬೈರಪ್ಪ ಗೇಟು ಹಿಡಿದುಕೊಂಡು ನಿಂತುಬಿಟ್ಟ. ಆಗ ಕಾರಿನೊಳಗಿಂದ ಯಮುನ ಅಳುವುದು ಕೇಳಿಸಿತು. ಕಾಯಿಲೆ ಎಂದು ಗೊತ್ತಾದಂದಿನಿಂದ, ಆಪರೇಷನ್ನಿನ ದಿನವೂ, ಅವಳು ದನಿ ತೆಗೆದು ಅತ್ತವಳಲ್ಲ. ಈಗ ಸಣ್ಣ ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ವಾಸಪ್ಪ ಬಾನೆಟ್ ಇಳಿಸಿದ. ಒಳಗೆ ಹೋಗಿ ಅವಳ ಪಕ್ಕ ಕೂತು, ಎಂಜಿನ್ ಆರಿಸಿ, ಅವಳ ಕೈ ಹಿಡಿದುಕೊಂಡ.